ಮುಂದಿನವರಿಗೆ ಸೌದೆ

ಭಾನುವಾರ ಬೆಳಿಗ್ಗೆ ಸರೋವರದ ದಂಡೆಯ ಸೌನಾದಲ್ಲಿ ಹೆಣ ಸಿಕ್ಕಿತು.

ಕಂಡವನು ನನ್ನ ಭಾವಮೈದುನ ಟಾರ್ಮೊ. ಕಾರ್ಖಾನೆಯಲ್ಲಿ ವೆಲ್ಡರ್. ಊರಿನವರೆಲ್ಲ ಹಬೆ ಸ್ನಾನ ಮಾಡುವ ಆ ಸಾಮೂಹಿಕ ಸೌನಾದ ಉಸ್ತುವಾರಿಯೂ ಅವನದೇ. ಒಲೆಯ ಬೂದಿ ತೆಗೆಯಲು ಹೋದವನು ನನಗೆ ಫೋನ್ ಮಾಡಿದ.

"ಭಾವಾ, ಬೇಗ ಬಾ. ಜಾಬಿರ್ ಮೇಲಿನ ಹಲಗೆ ಮೇಲೆ ಮಲಗಿದಾನೆ. ಏಳ್ತಾನೇ ಇಲ್ಲ."

ನಾನು ಇಲ್ಪೊ. ರೌತಲಹ್ತಿ ಠಾಣೆಯ ಹಿರಿಯ ಪೇದೆ. ಹೋಗುವ ದಾರಿಯಲ್ಲಿ ಇನ್‌ಸ್ಪೆಕ್ಟರ್ ಕೆರ್ತು ವೈನಿಕ್ಕಳನ್ನು ಹತ್ತಿಸಿಕೊಂಡೆ. ಈ ಶರತ್ಕಾಲಕ್ಕೆ ನಿವೃತ್ತಿಯಾಗುವ ಹೆಂಗಸು. ಬಾಯಲ್ಲಿ ಸದಾ ಉಪ್ಪು ಬೆರೆಸಿದ ಕಪ್ಪು ಮಿಠಾಯಿ. ಮಾತು ಅದಕ್ಕಿಂತ ಖಾರ.

ಒಲೆ ತಣ್ಣಗಾಗಿತ್ತು. ಎತ್ತರದ ಹಲಗೆಯ ಮೇಲೆ ಜಾಬಿರ್ ಬೆತ್ತಲೆ ಮಲಗಿದ್ದ. ಅವನ ಕೆಳಗೆ ನಾವೆಲ್ಲ ಹಾಸಿಕೊಳ್ಳುವಂಥ ಪುಟ್ಟ ನಾರುಬಟ್ಟೆ. ಪಕ್ಕದಲ್ಲಿ ಖಾಲಿ ವೋಡ್ಕಾ ಬಾಟಲಿ. ತಲೆಯ ಹಿಂಭಾಗ ಊದಿತ್ತು. ನೆಲ ತೊಳೆದಿತ್ತು. ಬಕೆಟ್ ಬೋರಲು ಹಾಕಿತ್ತು. ಬಟ್ಟೆ ಬದಲಿಸುವ ಕೋಣೆಯ ಗೂಟದಲ್ಲಿ ಅವನ ಅಂಗಿ, ಪ್ಯಾಂಟು, ಒಂದು ಚೌಕಳಿ ಲುಂಗಿ. ಒಲೆಯ ಪಕ್ಕದ ಸೌದೆ ಪೆಟ್ಟಿಗೆ ಬಾಯಿಮಟ್ಟ ತುಂಬಿತ್ತು.

ನಮ್ಮ ಹಿಂದೆಯೇ ಠಾಣೆಯ ಮುಖ್ಯಸ್ಥ ಔಲಿಸ್ ಬಂದ. ಭಾನುವಾರ ಅವನು ಹಾಸಿಗೆ ಬಿಟ್ಟದ್ದನ್ನು ನಾನು ಕಂಡೇ ಇರಲಿಲ್ಲ.

"ಕುಡಿದಿದಾನೆ. ಬಿಸಿಗೆ ತಲೆ ತಿರುಗಿದೆ. ಬಿದ್ದು ಪೆಟ್ಟಾಗಿದೆ," ಎಂದ. "ವರ್ಷಕ್ಕೊಬ್ಬಿಬ್ರು ಹೀಗೇ ಹೋಗ್ತಾರಪ್ಪ."

"ಬಿದ್ದವನು ಎದ್ದು, ಮೂರು ಮೆಟ್ಟಿಲು ಹತ್ತಿ, ಬಟ್ಟೆ ಹಾಸ್ಕೊಂಡು ಮಲಗಿದನಾ?" ಎಂದಳು ಕೆರ್ತು.

"ನೀನು ಯಾವಾಗ್ಲೂ ಹೀಗೇ ಕಣೇ."

"ಹೌದು. ಅದಕ್ಕೇ ಸಂಬಳ ಕೊಡ್ತಾರೆ. ಹೆಣ ಕೊಯ್ಯಕ್ಕೆ ಕಳಿಸು."

ಔಲಿಸ್‌ನ ಅವಸರ ನನಗೆ ಅರ್ಥವಾಗಿತ್ತು. ಶುಕ್ರವಾರ ನಮ್ಮ ಊರಿಗೆ ರಾಜಕುಮಾರನೊಬ್ಬ ಬರುವವನಿದ್ದ. ಅವನ ನಾಡಿನಲ್ಲಿ ಮರಳು ಕೆದಕಿದರೆ ತೈಲ. ಬಾಯಿ ತೆರೆದವರಿಗೆ ಜೈಲು. ನಮ್ಮ ಕಾರ್ಖಾನೆಯ ಕವಚ ವಾಹನಗಳನ್ನು ಅವನು ನೂರಾರು ಸಂಖ್ಯೆಯಲ್ಲಿ ಕೊಳ್ಳುವವನಿದ್ದ. ಊರಿಗೆ ಊರೇ ಬೀದಿ ಗುಡಿಸುತ್ತಿತ್ತು.

ಜಾಬಿರ್ ಆ ನಾಡಿನವನು. ಅಲ್ಲಿನ ಸೈನ್ಯದಲ್ಲಿ ಚಾಲಕನಾಗಿದ್ದ. ನಮ್ಮ ಊರಿಗೇ ಬಂದು, ನಮ್ಮ ಬಂಡಿಯನ್ನೇ ಓಡಿಸಲು ಕಲಿತು ಹೋಗಿದ್ದ. ಆಮೇಲೆ ಸೈನ್ಯ ಬಿಟ್ಟು ಓಡಿ, ತಂಗಿಯ ಜೊತೆ ಇಲ್ಲಿಗೇ ಆಶ್ರಯ ಬೇಡಿ ಬಂದ. ಈ ಬುಧವಾರ ಹೆಲ್ಸಿಂಕಿಯಲ್ಲಿ ಸಂಸತ್ತಿನ ಸಮಿತಿಯ ಮುಂದೆ ತಾನು ಕಂಡದ್ದನ್ನು ಹೇಳುವವನಿದ್ದ. ಬುಧವಾರ ಅವನು ಬಾಯಿಬಿಟ್ಟರೆ ಶುಕ್ರವಾರದ ಸಹಿ ಕಷ್ಟವಿತ್ತು.

ಈಗ ಬಾಯಿ ಮುಚ್ಚಿತ್ತು.

* * *

ತಂಗಿಯ ಹೆಸರು ಲುಬ್ನಾ. ಕಾರ್ಖಾನೆಯ ಊಟದ ಮನೆಯಲ್ಲಿ ಬಡಿಸುತ್ತಾಳೆ. ಗುರುವಾರದ ಬಟಾಣಿ ಸೂಪನ್ನು ನನಗೂ ಅವಳೇ ಹಾಕುವುದು. ಕಾರ್ಖಾನೆ ಪೊಲೀಸರಿಗೂ ಅಗ್ಗದಲ್ಲಿ ಊಟ ಕೊಡುತ್ತದೆ. ನಾವು ನಾಚಿಕೆ ಬಿಟ್ಟು ತಿನ್ನುತ್ತೇವೆ.

ಅವಳು ಅಳಲಿಲ್ಲ. ನಮಗೆ ಏಲಕ್ಕಿ ಹಾಕಿದ ಕಾಫಿ ಕೊಟ್ಟಳು. ಆಮೇಲೆ ಹೇಳಿದಳು.

"ಅಕ್ಕಾ, ಅಣ್ಣ ಹೋದ. ಅವನು ಹೇಳ್ಬೇಕಾಗಿದ್ದ ಮಾತೂ ಹೋಗ್ಬಾರದು. ಯಾರಾದ್ರೂ ಕೂತು ಕೇಳ್ಬೇಕು. ನನಗೆ ಬೇಕಾಗಿರೋದು ಅಷ್ಟೇ."

"ಏನು ಹೇಳೋನಿದ್ದ?" ಎಂದಳು ಕೆರ್ತು.

"ಈ ಬಂಡಿಗಳು ಗಡಿ ಕಾಯೋಕೆ ಮಾತ್ರ ಅಂತ ನಿಮ್ಮ ಸರ್ಕಾರಕ್ಕೆ ಬರೆದುಕೊಟ್ಟಿದಾರಲ್ಲ. ನಮ್ಮೂರ ಸಂತೇಲಿ ಜನ ಸೇರಿದ್ರು. ಜೈಲಿಗೆ ಹಾಕಿದ ಮಕ್ಕಳನ್ನ ಬಿಡಿ ಅಂತ ಕೇಳ್ತಿದ್ರು. ಆ ಜನದ ಮೇಲೆ ಓಡಿಸು ಅಂದ್ರು. ಅಣ್ಣ ಓಡಿಸಿದ." ಲೋಟ ಕೆಳಗಿಟ್ಟಳು. "ಸಂಜೆ ಅವನು ಗಾಲಿ ತೊಳೀತಿದ್ದ. ನೀರು ಕೆಂಪಗೆ ಹೋಗ್ತಿತ್ತು. ನಿಮ್ಮ ಕಾರ್ಖಾನೆಯವನೊಬ್ಬ ಅಲ್ಲೇ ಇದ್ದ. ಬಂದು, ನೀರು ನೋಡಿ, 'ಬ್ರೇಕ್ ಹೇಗಿತ್ತು?' ಅಂತ ಕೇಳ್ದ."

ಕೆರ್ತು ಮುಂದೆ ಬಾಗಿದಳು.

"ಯಾರವನು?"

"ಹೆಸರು ನನಗೆ ಹೇಳ್ಲಿಲ್ಲ. ಬುಧವಾರ ಎಲ್ಲರ ಮುಂದೆ ಹೇಳ್ತೀನಿ, ಮೊದಲೇ ಗೊತ್ತಾದ್ರೆ ನಿನಗೇ ಅಪಾಯ ಅಂದ."

ಕೆರ್ತು ಏಳುವಾಗ ಮೆಲ್ಲಗೆ ಕೇಳಿದಳು. "ಅವನು ಕುಡೀತಿದ್ದನಾಮ್ಮ?"

"ಬಿಯರ್ ಕುಡೀತಿದ್ದ. ನಮಾಜೂ ಬಿಟ್ಟಿದ್ದ. ಲುಂಗಿ ಒಂದು ಬಿಟ್ಟಿರಲಿಲ್ಲ."

"ಅಂದ್ರೆ?"

"ಅಂದ್ರೆ ಸೌನಾದಲ್ಲೂ ಸೊಂಟದ ಲುಂಗಿ ಬಿಚ್ತಿರಲಿಲ್ಲ. ಒಬ್ಬನೇ ಇದ್ರೂ ಅಷ್ಟೇ. ಸ್ನಾನಕ್ಕೂ ಅದೇ. ಅಮ್ಮ ಹಾಗೆ ಕಲಿಸಿದ್ಲು. ಟಾರ್ಮೊ ಅವರೆಲ್ಲ ಎಷ್ಟು ತಮಾಷೆ ಮಾಡ್ತಿದ್ರು, ಕೇಳಿ."

ಕೇಳಿದೆ. ಟಾರ್ಮೊ ಕಣ್ಣೊರೆಸಿಕೊಂಡು ನಕ್ಕ. "ಪ್ರತಿ ಶನಿವಾರ ಜಗಳ, ಭಾವ. 'ಲೋ, ಒಳಗೆ ಏನು ತೈಲ ಬಾವಿ ಬಚ್ಚಿಟ್ಟಿದ್ದೀಯಾ?' ಅಂತ ಎಲ್ರೂ ರೇಗಿಸ್ತಿದ್ವಿ. ಆಸಾಮಿ ಬಿಚ್ಚಲೇ ಇಲ್ಲ. ಮೇಲಿನ ಹಲಗೆಗೂ ಹತ್ತುತಿರಲಿಲ್ಲ. ಬಿಸಿ ತಡೆಯಲ್ಲ ಅಂತ ಕೆಳಗೇ ಕೂರ್ತಿದ್ದ. ಮರಳುಗಾಡಿನವನು, ನೋಡು."

ಗೂಟದಲ್ಲಿದ್ದ ಲುಂಗಿಯನ್ನು ಕೆರ್ತು ಮುಟ್ಟಿ ನೋಡಿದ್ದಳು. ಒಣಗಿತ್ತು. ಮಡಿಕೆಯೂ ಮುರಿದಿರಲಿಲ್ಲ.

* * *

ಮಂಗಳವಾರ ವೈದ್ಯರ ವರದಿ ಬಂತು. ವೋಡ್ಕಾ ಬಾಯಿ, ಎದೆಯ ಮೇಲೆ ಇದೆ. ಹೊಟ್ಟೆಯಲ್ಲಿ ಇಲ್ಲ. ಸತ್ತದ್ದು ಶನಿವಾರ ಸಂಜೆ, ತಲೆಯ ಪೆಟ್ಟಿನಿಂದ. ಬಟ್ಟೆ ಕೋಣೆಯ ಕಬ್ಬಿಣದ ಹೊಸ್ತಿಲ ಸಂದಿಯಲ್ಲಿ ಅವನ ಕೂದಲೆರಡು ಸಿಕ್ಕಿದವು. ಅಂದರೆ ಸೌನಾದೊಳಗೆ ಕಾಲಿಡುವ ಮೊದಲೇ ಪ್ರಾಣ ಹೋಗಿತ್ತು. ಯಾರೋ ಬಿಚ್ಚಿ, ಎತ್ತಿ, ಮಲಗಿಸಿದ್ದರು.

ಆಗ ಔಲಿಸ್ ರಾಗ ಬದಲಿಸಿದ.

"ರಾಯಭಾರ ಕಚೇರಿಯ ಇಬ್ರು ಕಳೆದ ಶುಕ್ರವಾರದಿಂದ ಹೋಟೆಲಲ್ಲಿದಾರೆ. ರಾಜಕುಮಾರನ ಭದ್ರತೆಯವರಂತೆ. ಅವರ ಬೂದು ಕಾರು ಶನಿವಾರ ಸರೋವರದ ಹತ್ರ ನಿಂತಿತ್ತು. ಅವರೇ ಮಾಡಿದ್ದು. ನಮ್ಮ ಕಾನೂನು ಅವರನ್ನ ಮುಟ್ಟಲ್ಲ. ಫೈಲು ಹೆಲ್ಸಿಂಕಿಗೆ ಕಳಿಸೋಣ. ಮುಗೀತು."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕೊಲೆ ಎಂದು ಒಪ್ಪಿದ ಹಾಗೂ ಆಯಿತು, ಯಾರನ್ನೂ ಹಿಡಿಯಬೇಕಾಗಿಲ್ಲ. ನನಗೂ ಅವರೇ ಎನಿಸಿತ್ತು, ಸುಳ್ಳೇಕೆ? ಅಂಥ ಕೆಲಸ ಅವರಲ್ಲದೆ ಇನ್ಯಾರು ಮಾಡುತ್ತಾರೆ? ಕೊಲ್ಲುವವರು ಅವರು, ನಾವು ಬರೀ ಮಾರುವವರು. ಊರಿನ ನಂಬಿಕೆಯೇ ಅದು.

ಕೆರ್ತು ಹೋಟೆಲಿಗೆ ನಡೆದಳು. ನಾನು ಹಿಂದೆ. ಸ್ವಾಗತದ ಹುಡುಗಿ ಕೇಳಿದ ಕೂಡಲೇ ನಗತೊಡಗಿದಳು.

"ಆ ಇಬ್ರಾ? ಹೋಟೆಲ್ ಸೌನಾ ಬಿಟ್ಟಿ ಅಂತ ಶುಕ್ರವಾರ ಹೋದ್ರು. ಈಜು ಚಡ್ಡಿ ಹಾಕ್ಕೊಂಡು, ಮೇಲೊಂದು ಟವೆಲ್ ಸುತ್ಕೊಂಡು! ಹೋದಷ್ಟೇ ಬೇಗ ಕೆಮ್ತಾ ಓಡಿಬಂದ್ರು. ಬೆಂಕಿ ಬಿದ್ದಿದೆ ಅಂತ ನನಗೇ ದೂರು ಹೇಳಿದ್ರು, ಅಕ್ಕ."

"ಶನಿವಾರ ಸಂಜೆ?"

"ಇಲ್ಲೇ, ಈ ಸೋಫಾ ಮೇಲೆ. ನಮ್ಮ ಜೊತೆ ಟಿವಿಯಲ್ಲಿ ಐಸ್ ಹಾಕಿ ಆಟದ ಫೈನಲ್ ನೋಡಿದ್ರು. ಕಾರು ತಗೊಂಡು ಹೋಗಿದ್ದು ನಮ್ಮ ಅಡುಗೆಯವನು. ಮೀನು ತರೋಕೆ."

ಹೊರಗೆ ಬಂದು ಕೆರ್ತು ಮಿಠಾಯಿ ಬಾಯಿಗೆ ಹಾಕಿಕೊಂಡಳು.

"ಈಗ ಹೇಳು ಇಲ್ಪೊ. ಆ ಇಬ್ರು ಜಾಬಿರ್‌ನ ಕೊಂದು ಸೌನಾದಲ್ಲಿ ಮಲಗಿಸಿದ್ರೆ ಹೇಗೆ ಮಲಗಿಸ್ತಿದ್ರು?"

"ಚಡ್ಡಿ ಹಾಕಿ."

"ಅಥವಾ ಆ ಲುಂಗಿ ಸುತ್ತಿ. ಬೆತ್ತಲೆ ಗಂಡಸನ್ನ ಅವರು ಹಾಗೆ ಬಿಡ್ತಿರಲಿಲ್ಲ. ಕೆಳಗೆ ಬಟ್ಟೆ ಹಾಸ್ಬೇಕು ಅಂತ ಅವರಿಗೆ ಹೊಳೆಯೋದೂ ಇಲ್ಲ. ಸೌನಾ ಅಂದ್ರೆ ಬೆತ್ತಲೆ, ಕೆಳಗೊಂದು ಬಟ್ಟೆ ಅಂತ ಯೋಚನೆ ಮಾಡದೇ ಮಾಡೋ ಕೈ ಯಾರದ್ದು?"

ಉತ್ತರ ಗೊತ್ತಿತ್ತು.

"ನಮ್ಮದು," ಎಂದಳು ಅವಳೇ. "ನಮ್ಮವನೇ. ಆದ್ರೆ ಜಾಬಿರ್ ಜೊತೆ ಒಂದು ದಿನವೂ ಸೌನಾಕ್ಕೆ ಕೂರದವನು. ಕೂತಿದ್ರೆ ಲುಂಗಿ ಗೊತ್ತಿರ್ತಿತ್ತು. ಅವನು ಅದನ್ನ ಟವೆಲ್ ಅಂದ್ಕೊಂಡು ಗೂಟದಲ್ಲೇ ಬಿಟ್ಟ."

* * *

ಸಂತೆಯ ಆ ವಾರ ನಮ್ಮ ಊರಿನಿಂದ ಅಲ್ಲಿಗೆ ಹೋಗಿದ್ದವರು ಮೂವರು. ರಿಪೇರಿಗೆಂದು ಟಾರ್ಮೊ. ಅವನ ಜೊತೆ ಇನ್ನೊಬ್ಬ ವೆಲ್ಡರ್. ಮತ್ತು ಕಾರ್ಖಾನೆಯ ರಫ್ತು ಮುಖ್ಯಸ್ಥ ಎಸ್ಕೊ ಲೈಹೊ.

ಕಾರ್ಖಾನೆ ಕೊಟ್ಟ ಪಟ್ಟಿಯಲ್ಲಿ ಟಾರ್ಮೊ ಹೆಸರನ್ನು ನಾನು ಎರಡು ಸಲ ಓದಿದೆ. ಕೆರ್ತು ನನ್ನ ಮುಖ ನೋಡಿದಳು.

"ಹೆದರಬೇಡ್ವೋ. ಆ ಇಬ್ರಿಗೂ ಲುಂಗಿ ಗೊತ್ತು. ಶನಿವಾರ ಫೈನಲ್ ಮುಗಿಯೋವರೆಗೂ ಇಬ್ರೂ ನಿನ್ನ ಮನೇಲೇ ಕೂತು ಕಿರುಚ್ತಿದ್ರು, ಮರೆತ್ಯಾ? ನನ್ನ ಮನೆಗೇ ಕೇಳಿಸ್ತು. ಊರಿನ ಗಂಡಸರೆಲ್ಲ ಟಿವಿ ಮುಂದೆ ಇರ್ತಾರೆ, ಸೌನಾ ಖಾಲಿ ಇರುತ್ತೆ ಅಂತ ಲೆಕ್ಕ ಹಾಕಿದವನು ಬೇರೆ."

ಬುಧವಾರ ಲೈಹೊನ ಮನೆಗೆ ಹೋದೆವು. ಸರೋವರದ ಆಚೆ ದಂಡೆ. ಗಾಜಿನ ಮನೆ, ಸ್ವಂತ ಸೌನಾ, ಸ್ವಂತ ದೋಣಿ. ಅವನು ಸಾಮೂಹಿಕ ಸೌನಾಕ್ಕೆ ಬಂದದ್ದನ್ನು ಯಾರೂ ಕಂಡಿಲ್ಲ. ಬಲು ಸಂಭಾವಿತ. ತಾನೇ ಕಾಫಿ ಸುರಿದ, ದಾಲ್ಚಿನ್ನಿ ಬನ್ನು ಇಟ್ಟ.

"ಪಾಪ ಹುಡುಗ," ಎಂದ. "ಈ ದೇಶಕ್ಕೆ ಹೊಂದಿಕೊಳ್ಳಕ್ಕೆ ಆಗಲಿಲ್ಲ ಅನಿಸುತ್ತೆ. ಇವತ್ತಿನ ಸಮಿತಿ ಸಭೆಯನ್ನೂ ರದ್ದು ಮಾಡಿದ್ರಂತೆ."

"ಸಾಕ್ಷಿ ಇಲ್ಲವಲ್ಲ," ಎಂದಳು ಕೆರ್ತು. ಅಂಗಳದ ಕಡೆ ನೋಡಿದಳು. ಅಲ್ಲಿ ಬರ್ಚ್ ಸೌದೆಯ ಗೋಡೆಯೇ ಇತ್ತು. ಬಿಳಿ ತೊಗಟೆ, ಒಂದೇ ಅಳತೆ. ಪಕ್ಕದಲ್ಲಿ ಸೀಳುವ ಯಂತ್ರ.

"ಎಂಥಾ ಚೆಂದದ ಸೌದೆ! ನಮ್ಮ ಮನೆ ಒಲೆಗೆ ಒಂದು ಹೊರೆ ಕೊಡ್ತೀರಾ?"

"ಅಯ್ಯೋ, ಅದಕ್ಕೇನು!" ತಾನೇ ಬುಟ್ಟಿಗೆ ತುಂಬಿ, ತಾನೇ ನಮ್ಮ ಕಾರಿಗಿಟ್ಟ. ಮೇಲೆ ಎರಡು ಜಾಸ್ತಿಯೇ ಹಾಕಿದ.

ಠಾಣೆಯಲ್ಲಿ ಕೆರ್ತು ಎರಡು ತುಂಡುಗಳನ್ನು ಮೇಜಿನ ಮೇಲೆ ಜೋಡಿಸಿದಳು. ಒಂದು ಲೈಹೊ ಕೊಟ್ಟದ್ದು. ಇನ್ನೊಂದು ಸೌನಾದ ಸೌದೆ ಪೆಟ್ಟಿಗೆಯದು. ಅದೂ ಬರ್ಚ್. ನಮ್ಮ ಸಾಮೂಹಿಕ ಸೌನಾದಲ್ಲಿ ಬರ್ಚ್ ಸುಡುವ ಶ್ರೀಮಂತರು ಯಾರೂ ಇಲ್ಲ. ಕಾರ್ಖಾನೆಯಲ್ಲಿ ಒಡೆದು ಬಿಸಾಡಿದ ಪೈನ್ ಪೆಟ್ಟಿಗೆಗಳೇ ನಮಗೆ ಗತಿ. ಎರಡೂ ತುಂಡುಗಳ ಸೀಳಿದ ಮೈಮೇಲೆ ಒಂದೇ ಜಾಗದಲ್ಲಿ ಒಂದೇ ಗೀರು. ಸೀಳುವ ಅಲಗಿನ ಹಲ್ಲು ಮುರಿದಿದ್ದರೆ ಬೀಳುವ ಗೀರು.

ಔಲಿಸ್ ಗೀರು ನೋಡಿದ. ಬೆವತ.

"ಶನಿವಾರದವರೆಗೂ ಅವನನ್ನ ಠಾಣೆಗೆ ಕರೆಸ್ಬೇಡ. ಇದು ಆಜ್ಞೆ."

"ಆಯ್ತು," ಎಂದಳು ಕೆರ್ತು. ಅಷ್ಟು ಸುಲಭಕ್ಕೆ ಅವಳು ಒಪ್ಪಿದ್ದಕ್ಕೆ ನನಗೆ ದಿಗಿಲಾಯಿತು.

* * *

ಗುರುವಾರ ಮಧ್ಯಾಹ್ನ. ಬಟಾಣಿ ಸೂಪು, ಸಾಸಿವೆ, ಆಮೇಲೆ ಜಾಮ್ ಹಚ್ಚಿದ ದೋಸೆ. ಇಡೀ ದೇಶ ಗುರುವಾರ ತಿನ್ನುವುದು ಅದನ್ನೇ. ಕಾರ್ಖಾನೆಯ ಯಜಮಾನರೂ ಅಂದು ಕೂಲಿಯವರ ಜೊತೆ ಸಾಲಿನಲ್ಲಿ ನಿಲ್ಲುತ್ತಾರೆ. ನಾವೆಲ್ಲ ಸಮಾನರು ಎಂದು ತೋರಿಸಲು ನಮಗೆ ವಾರಕ್ಕೆ ಒಂದು ಬಟ್ಟಲು ಬಟಾಣಿ ಸಾಕು.

ಲುಬ್ನಾ ಬಡಿಸುತ್ತಿದ್ದಳು. ಲೈಹೊನ ಬಟ್ಟಲಿಗೂ ಅವಳೇ ಹಾಕಿದಳು. ಅವನು ತಲೆಬಾಗಿಸಿ ಸಂತಾಪ ಹೇಳಿದ. ಅವಳು ಮುಂದಿನವನ ಬಟ್ಟಲಿಗೆ ಸೌಟು ಚಾಚಿದಳು.

ಕೆರ್ತು ಬಟ್ಟಲು ಹಿಡಿದು ಅವನ ಎದುರಿಗೇ ಹೋಗಿ ಕೂತಳು. ಸೌದೆ ಬುಟ್ಟಿಯನ್ನು ಮೇಜಿನ ಮೇಲಿಟ್ಟಳು.

"ಠಾಣೆಗೆ ಕರೆಸ್ಬೇಡ ಅಂದಿದಾರೆ. ಊಟದ ಮನೇಲಿ ಮಾತಾಡ್ಬೇಡ ಅಂತ ಯಾರೂ ಅಂದಿಲ್ಲ. ಲೈಹೊ ಅವರೇ, ಜಾಬಿರ್ ಜೊತೆ ಯಾವತ್ತಾದ್ರೂ ಸೌನಾಕ್ಕೆ ಹೋಗಿದ್ರಾ?"

"ಇಲ್ಲ. ನಾನು ಆ ಕಡೆ ಬರೋದೇ ಇಲ್ಲ."

"ಅವನು ಸೌನಾದಲ್ಲಿ ಏನು ಉಡ್ತಿದ್ದ, ಗೊತ್ತಾ?"

ಲೈಹೊ ನಕ್ಕ. "ಸೌನಾದಲ್ಲಿ ಉಡೋದೇನು ಬಂತು, ಇನ್‌ಸ್ಪೆಕ್ಟರ್?"

ಅಕ್ಕಪಕ್ಕದ ಮೇಜುಗಳಲ್ಲಿ ಯಾರೂ ನಗಲಿಲ್ಲ. ಟಾರ್ಮೊ ಚಮಚ ಕೆಳಗಿಟ್ಟ.

"ಲುಂಗಿ," ಎಂದ ಜೋರಾಗಿ. "ಅವನು ಲುಂಗಿ ಉಡ್ತಿದ್ದ ಕಣ್ರೀ. ಇಲ್ಲಿರೋ ಎಲ್ರಿಗೂ ಗೊತ್ತು."

ಕೆರ್ತು ದನಿ ಏರಿಸಲಿಲ್ಲ. ಆದರೆ ಆ ಹೊತ್ತಿಗೆ ಇಡೀ ಊಟದ ಮನೆ ಕಿವಿಯಾಗಿತ್ತು. ಒಂದೊಂದಾಗಿ ಹೇಳಿದಳು. ಬೆತ್ತಲೆ ಹೆಣ, ಕೆಳಗೆ ಹಾಸಿದ ಬಟ್ಟೆ. ಒಣಲುಂಗಿ. ಹೊಟ್ಟೆಗಿಳಿಯದ ವೋಡ್ಕಾ. ಫೈನಲ್ ನೋಡುತ್ತಿದ್ದ ಊರು. ಆಮೇಲೆ ಎರಡು ತುಂಡು ಎತ್ತಿ ಗೀರಿಗೆ ಗೀರು ಹೊಂದಿಸಿ ಹಿಡಿದಳು.

"ಇದು ಅಲ್ಲಿತ್ತು. ಇದನ್ನ ನೀವೇ ನಿನ್ನೆ ಕೊಟ್ರಿ."

ಲೈಹೊ ಸೌದೆ ನೋಡಿದ. ಸುತ್ತ ನೋಡಿದ. ಆಮೇಲೆ ಕರವಸ್ತ್ರದಿಂದ ಬಾಯಿ ಒರೆಸಿಕೊಂಡ. ಹೆದರಿರಲಿಲ್ಲ. ಅದರಿಂದ ನನಗೆ ಇನ್ನೂ ಹೇಸಿಗೆಯಾಯಿತು.

"ಮಾತಾಡಕ್ಕೆ ಹೋಗಿದ್ದೆ. ಒಳ್ಳೇ ಮಾತಲ್ಲಿ ಹೇಳ್ದೆ. ಎಲ್ಲಿಗಾದ್ರೂ ಕಳಿಸ್ತೀನಿ, ತಂಗೀನೂ ಕರ್ಕೊಂಡು ಹೋಗು ಅಂದೆ. ಕೇಳಲಿಲ್ಲ. ದೂಡಿದೆ, ಬಿದ್ದ. ಓಡಿಬಂದ ಒಬ್ಬ ಚಾಲಕನಿಗೋಸ್ಕರ ಈ ಊರನ್ನೇ ಮುಳುಗಿಸ್ತೀರಾ? ಇವರ ಅನ್ನ ಎಲ್ಲಿಂದ ಬರುತ್ತೆ ಅಂತ ಕೇಳಿ ಒಂದ್ಸಲ."

"ಅವನು ಬುಧವಾರ ಏನು ಹೇಳೋನಿದ್ದ?"

"ಯಾರಿಗೆ ಗೊತ್ತು?"

"ನನಗೆ ಗೊತ್ತು," ಎಂದಳು ಲುಬ್ನಾ.

ಸೌಟು ಹಿಡಿದೇ ಮುಂದೆ ಬಂದಳು. ಸಂತೆಯ ಕತೆಯನ್ನು ಹೇಳಿದಳು. ತಡವರಿಸಲಿಲ್ಲ. ಗಾಲಿ, ಕೆಂಪು ನೀರು, ಆ ಪ್ರಶ್ನೆ. ಆ ಗಾಲಿ ಜೋಡಿಸಿದವರು, ಆ ಉಕ್ಕು ಬೆಸೆದವರು ಅಲ್ಲೇ ಕೂತಿದ್ದರು.

"ಬ್ರೇಕ್ ಹೇಗಿತ್ತು ಅಂತ ಕೇಳಿದ್ದು ನೀವೇನಾ?" ಎಂದಳು.

ಲೈಹೊ ಭುಜ ಕುಣಿಸಿದ. "ಹಿಂದಿನ ಸಲ ದೂರು ಬಂದಿತ್ತು. ಕೇಳೋದು ನನ್ನ ಕೆಲಸ."

ಥೂ! ಟಾರ್ಮೊ ಎದ್ದು ಹೊರಗೋಡಿದ. ಅವನು ವಾಂತಿ ಮಾಡುವ ಸದ್ದು ಒಳಗೂ ಕೇಳಿಸಿತು.

ನಾನು ಲೈಹೊಗೆ ಕೈಕೋಳ ಹಾಕಿದೆ. ಕೆರ್ತು ಒಂದು ಪ್ರಶ್ನೆ ಉಳಿಸಿಕೊಂಡಿದ್ದಳು.

"ಒಂದು ಮಾತ್ರ ನನಗೆ ಬಗೆಹರೀಲಿಲ್ಲ. ಕೊಂದ್ರಿ. ಮಲಗಿಸಿದ್ರಿ. ಆಮೇಲೂ, ಒಲೆ ಹಚ್ಚಕ್ಕೆ ನೀವು ತಂದಿದ್ದ ಸೌದೇಲಿ ಉಳಿದಿದ್ದನ್ನ ಪೆಟ್ಟಿಗೆಗೆ ತುಂಬಿ ಹೋದ್ರಿ. ಯಾಕೆ? ವಾಪಸ್ ಒಯ್ದಿದ್ರೆ ನಿಮ್ಮ ಗುರುತೇ ಇರ್ತಿರಲಿಲ್ಲ."

ಅವನು ಅವಳನ್ನು ನೋಡಿದ. ಅಂಥ ಪ್ರಶ್ನೆ ಕೇಳುವವರೂ ಇದ್ದಾರೆಯೇ ಎಂಬ ಅಚ್ಚರಿ ಅವನ ಮುಖದಲ್ಲಿ.

"ಪೆಟ್ಟಿಗೆ ಖಾಲಿಯಾಗಿತ್ತು," ಎಂದ. "ಮುಂದಿನವರು ಬರ್ತಾರಲ್ಲ."

ನಮ್ಮ ಅಜ್ಜಂದಿರು ಕಲಿಸಿದ್ದೇ ಅದು. ಸೌನಾ ಬಿಡುವ ಮೊದಲು ನೆಲ ತೊಳೆ, ಬಕೆಟ್ ಬೋರಲಿಡು, ಮುಂದೆ ಬರುವವನಿಗೆ ಸೌದೆ ತುಂಬು. ಎಲ್ಲವನ್ನೂ ಚಾಚೂ ತಪ್ಪದೆ ಮಾಡಿದ್ದ.

* * *

ಶುಕ್ರವಾರ ಸಹಿ ಬಿತ್ತು.

ರಾಜಕುಮಾರ ಬಂದ, ಕೈಕುಲುಕಿದ, ಹೋದ. ಕೊಲೆಗೂ ತಮಗೂ ಸಂಬಂಧವಿಲ್ಲ ಎಂದ. ಅದು ನಿಜವೇ. ಅವನು ಬೆರಳನ್ನೂ ಎತ್ತಬೇಕಾಗಿರಲಿಲ್ಲ, ಅವನ ಪರವಾಗಿ ಎತ್ತಲು ನಾವಿದ್ದೆವು. ಒಬ್ಬ ವ್ಯಕ್ತಿಯ ದುಡುಕು ಎಂದರು ನಮ್ಮ ಮಂತ್ರಿಗಳು. ಸಂತೆಯ ವಿಷಯ ದೇಶದ ಭದ್ರತೆಗೆ ಸಂಬಂಧಿಸಿದ್ದು, ಆದ್ದರಿಂದ ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ಎಂದು ತೀರ್ಮಾನವಾಯಿತು. ಲುಬ್ನಾಳನ್ನು ಕೇಳಲು ಸಮಿತಿ ಮತ್ತೆ ಸೇರಲಿಲ್ಲ. ಇನ್ನೊಬ್ಬರ ಬಾಯಿಂದ ಕೇಳಿದ ಮಾತು ಸಾಕ್ಷಿಯಲ್ಲವಂತೆ. ಕೆರ್ತುವಿಗೆ ಉಳಿದ ರಜೆಯನ್ನೆಲ್ಲ ಈಗಲೇ ತೆಗೆದುಕೊಳ್ಳಲು ಹೇಳಿದರು.

ಟಾರ್ಮೊ ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಮೂರನೆಯ ದಿನ ಹೋದ.

ಮುಂದಿನ ಗುರುವಾರ ಊಟದ ಮನೆಗೆ ನಾನೂ ಹೋದೆ. ಸಾಲು ಎಂದಿನಂತೆ ಉದ್ದವಿತ್ತು, ಆದರೆ ಮೆಲ್ಲಗೆ ಚಲಿಸುತ್ತಿತ್ತು. ಯಾರೂ ಮಾತನಾಡುತ್ತಿರಲಿಲ್ಲ. ಹತ್ತಿರ ಬಂದಾಗ ಕಾರಣ ತಿಳಿಯಿತು.

ಲುಬ್ನಾ ಸೌಟು ತುಂಬಿಸಿ, ಬಟ್ಟಲಿನ ಮೇಲೆ ಹಿಡಿದು, ಎದುರಿಗಿದ್ದವನ ಕಣ್ಣು ನೋಡಿ ಕೇಳುತ್ತಿದ್ದಳು.

"ಬ್ರೇಕ್ ಹೇಗಿತ್ತು?"

ಅವನು ತಲೆ ತಗ್ಗಿಸುತ್ತಿದ್ದ. ಅವಳು ಸೂಪು ಹಾಕುತ್ತಿದ್ದಳು. ಮುಂದಿನವನು. ಮತ್ತೆ ಅದೇ ಪ್ರಶ್ನೆ. ಇಂಜಿನಿಯರಿಗೂ ಅದೇ, ಕಸ ಗುಡಿಸುವವನಿಗೂ ಅದೇ. ಟಾರ್ಮೊ ಬಟ್ಟಲನ್ನು ಅಲ್ಲೇ ಇಟ್ಟು ಹೊರಟುಹೋದ. ಅವನೊಬ್ಬನೇ.

ನನ್ನ ಸರದಿ ಬಂತು. ನಾನು ಪೊಲೀಸಿನವನು, ಬಂಡಿ ಮಾಡುವವನಲ್ಲ, ಕೊಲೆಗಾರನಿಗೆ ಕೋಳ ಹಾಕಿದ ಕೈ ನನ್ನದು. ನನ್ನನ್ನು ಬಿಡುತ್ತಾಳೆ ಎಂದುಕೊಂಡೆ.

"ಬ್ರೇಕ್ ಹೇಗಿತ್ತು, ಇಲ್ಪೊ ಅಣ್ಣ?"

ನನ್ನ ಬಟ್ಟಲು ಮುಂದೆ ಚಾಚಿಯೇ ಇತ್ತು. ಅವಳು ಸೂಪು ಹಾಕಿದಳು. ನಾನು ಖಾಲಿ ಕುರ್ಚಿಯೊಂದರಲ್ಲಿ ಕೂತು, ಸಾಸಿವೆ ಬೆರೆಸಿಕೊಂಡು, ಪೂರ್ತಿ ತಿಂದೆ.